ಎಂಟಿಂಚಿನ ಸಬ್‌ಗೆ ಎಷ್ಟು ಲೀಟರ್? ಗೋವಾ ಮಳೆಗೂ ಬಾಳುವ ಪೆಟ್ಟಿಗೆಯ ಲೆಕ್ಕ

ಹನ್ನೆರಡಿಂಚಿಗೆಂದು ಮಾಡಿಟ್ಟ ರೆಡಿಮೇಡ್ ಡಬ್ಬದ ಬಾಯಿಗೆ ಒಂದು ಪ್ಲೈವುಡ್ ಬಳೆ ಬಡಿದು ಎಂಟಿಂಚಿನ ಸಬ್‌ವೂಫರ್ (ಕಾರಿನಲ್ಲಿ ಬೇಸ್‌ಗೆಂದೇ ಹಾಕುವ ಸ್ಪೀಕರ್, ಚಿಕ್ಕದಾಗಿ ಸಬ್) ಕೂರಿಸಿಬಿಡುವುದು ನಮ್ಮ ಕಡೆ ಮಾಮೂಲಿ ಕೆಲಸ. ಡಬ್ಬ ದೊಡ್ಡದಾದಷ್ಟೂ ಬೇಸ್ ಹೆಚ್ಚು ಎಂಬ ನಂಬಿಕೆ. ಸಣ್ಣ ವಾಲ್ಯೂಮ್‌ನಲ್ಲಿ ಚೆನ್ನಾಗಿಯೇ ಕೇಳುತ್ತದೆ ಕೂಡ. ಏರಿಸಿದಾಗ ಕೋನ್ ಟಪ್ ಟಪ್ ಎಂದು ತಳಕ್ಕೆ ಬಡಿಯತೊಡಗುತ್ತದೆ, ಇನ್ನಷ್ಟು ಏರಿಸಿದರೆ ಕಾಯಿಲ್ ಸುಟ್ಟ ವಾಸನೆ. ಬೈಗುಳ ತಿನ್ನುವುದು ಸಬ್ ಮಾಡಿದ ಕಂಪನಿ, ತಪ್ಪು ಡಬ್ಬದ್ದು. ಸೀಲ್ಡ್, ಅಂದರೆ ಎಲ್ಲ ಕಡೆ ಮುಚ್ಚಿದ, ಪೆಟ್ಟಿಗೆಯೊಳಗಿನ ಗಾಳಿ ಸ್ಪ್ರಿಂಗ್‌ನಂತೆ ಕೋನನ್ನು ಹಿಡಿದಿಡುತ್ತದೆ. ಜಾಗ ಮೂರು ಪಟ್ಟಾದರೆ ಹಿಡಿತ ಸಡಿಲ. ಆಮೇಲೆ ಕೋನ್ ತನ್ನ ಮಿತಿ ದಾಟುವುದನ್ನು ತಡೆಯಲು ಕೋನ್ ಹಿಂದಿನ ಹಿಡಿಬಟ್ಟೆಯಾದ ಸ್ಪೈಡರ್ ಒಂದರಿಂದಲೇ ಆಗುವುದಿಲ್ಲ.

ಇದರ ಉಲ್ಟಾ ತಪ್ಪು ಇನ್ನೂ ಸಾಮಾನ್ಯ: ಸಣ್ಣ ಸಬ್ ತಾನೇ ಎಂದು ಸಿಕ್ಕಷ್ಟು ಜಾಗದಲ್ಲಿ ತುರುಕುವುದು. ವಾಸ್ಕೊ, ಜುವಾರಿನಗರ, ಮಡಗಾಂವ್ ಕಡೆಯ ನಮ್ಮವರಲ್ಲಿ ಹೆಚ್ಚಿನವರದು ಹ್ಯಾಚ್‌ಬ್ಯಾಕ್. ರಜೆ ಬಂತೆಂದರೆ ಬೆಳಗಾವಿ, ಹುಬ್ಬಳ್ಳಿ, ಕಾರವಾರ. ಹೋಗುವಾಗ ಬ್ಯಾಗು, ಬರುವಾಗ ಜೋಳದ ಚೀಲ. ಡಿಕ್ಕಿ ಬಿಟ್ಟುಕೊಡಲು ಯಾರೂ ತಯಾರಿಲ್ಲ. ಹಾಗಾಗಿ ಹಿಂದಿನ ಚಕ್ರದ ಮೇಲಿನ ಉಬ್ಬಿನ ಹಿಂದಿರುವ ಪಕ್ಕದ ಗೂಡು, ಇಲ್ಲವೆ ಮುಂದಿನ ಸೀಟಿನ ಕೆಳಗಿನ ಜಾಗ, ಇವೇ ಗತಿ. ಎಂಟಿಂಚಿನ ಸಬ್‌ಗೆ ಅಷ್ಟು ಸಾಕು, ಆದರೆ ಲೆಕ್ಕ ಹಾಕಿ ಮಾಡಬೇಕು. ಅರವತ್ತು ಲೀಟರಿನ ಪೆಟ್ಟಿಗೆಯಲ್ಲಿ ಮೂರು ಲೀಟರ್ ಆಚೀಚೆ ಆದರೆ ಯಾರಿಗೂ ತಿಳಿಯುವುದಿಲ್ಲ. ಹನ್ನೆರಡು ಲೀಟರಿನಲ್ಲಿ ಮೂರು ಹೋದರೆ ಕಾಲು ಭಾಗವೇ ಹೋಯಿತು.

ಲೀಟರಿನ ಲೆಕ್ಕ

ಸಬ್ ಜೊತೆ ಬರುವ ಹಾಳೆಯಲ್ಲಿ ಹತ್ತಿಪ್ಪತ್ತು ಅಂಕಿಗಳಿರುತ್ತವೆ. ಸೀಲ್ಡ್ ಪೆಟ್ಟಿಗೆಗೆ ಮೂರು ಸಾಕು: ಎಫ್‌ಎಸ್ (ಸಬ್ ತಾನಾಗಿ ಅನುರಣಿಸುವ ಆವರ್ತನ), ಕ್ಯೂಟಿಎಸ್ (ಆ ಅನುರಣನ ಎಷ್ಟು ಬೇಗ ಅಡಗುತ್ತದೆ ಎಂಬುದರ ಅಂಕಿ), ವಿಎಎಸ್ (ಸಬ್‌ನ ಸ್ವಂತ ಹಿಡಿತದಷ್ಟೇ ಸ್ಪ್ರಿಂಗ್ ಕೊಡುವ ಗಾಳಿಯ ಜಾಗ). ಕೊನೆಯದು ಕೆಲವೊಮ್ಮೆ ಕ್ಯೂಬಿಕ್ ಫೀಟ್‌ನಲ್ಲಿರುತ್ತದೆ, ಒಂದು ಕ್ಯೂಬಿಕ್ ಫೀಟ್ ಎಂದರೆ 28.3 ಲೀಟರ್. ಈ ಮೂರೂ ಇಲ್ಲದ ಸಬ್ ಎಷ್ಟು ಅಗ್ಗವಾದರೂ ಬೇಡ. ಡಬ್ಬದ ಮೇಲೆ ದೊಡ್ಡದಾಗಿ ಬರೆದ ವ್ಯಾಟ್ ಸಂಖ್ಯೆಯಿಂದ ಪೆಟ್ಟಿಗೆ ಕಟ್ಟಲಾಗುವುದಿಲ್ಲ.

ಸೂತ್ರ ಸರಳ. ವಿಎಎಸ್ ಅನ್ನು ಪೆಟ್ಟಿಗೆಯ ಲೀಟರಿನಿಂದ ಭಾಗಿಸಿ, ಒಂದು ಕೂಡಿಸಿ, ವರ್ಗಮೂಲ ತೆಗೆಯಿರಿ. ಬಂದದ್ದನ್ನು ಕ್ಯೂಟಿಎಸ್‌ಗೆ ಗುಣಿಸಿದರೆ ಪೆಟ್ಟಿಗೆಯಲ್ಲಿ ಕೂತ ಮೇಲಿನ ಕ್ಯೂಟಿಸಿ, ಎಫ್‌ಎಸ್‌ಗೆ ಗುಣಿಸಿದರೆ ಪೆಟ್ಟಿಗೆಯ ಅನುರಣನ ಆವರ್ತನ. ಗುರಿ ಕ್ಯೂಟಿಸಿ 0.707ರ ಆಸುಪಾಸು.

ಉದಾಹರಣೆಗೆ ಎಫ್‌ಎಸ್ 38 ಹರ್ಟ್ಜ್, ಕ್ಯೂಟಿಎಸ್ 0.50, ವಿಎಎಸ್ 12 ಲೀಟರ್ ಇರುವ ಎಂಟಿಂಚಿನ ಸಬ್ ಎಂದಿಟ್ಟುಕೊಳ್ಳಿ. 12 ಲೀಟರ್ ಕೊಟ್ಟರೆ ಕ್ಯೂಟಿಸಿ 0.707, ಅನುರಣನ 54 ಹರ್ಟ್ಜ್. 6 ಲೀಟರಿಗೆ ಇಳಿಸಿದರೆ 0.87 ಮತ್ತು 66 ಹರ್ಟ್ಜ್. 4 ಲೀಟರಿನಲ್ಲಿ ತುರುಕಿದರೆ ಕ್ಯೂಟಿಸಿ ಸರಿಯಾಗಿ 1, ಅನುರಣನ 76 ಹರ್ಟ್ಜ್. ಈ ಕೊನೆಯದರಲ್ಲಿ ಡೋಲು, ತಬಲಾದ ಬಾಯಾ ಎಲ್ಲ ಒಂದೇ ಸ್ವರದಲ್ಲಿ ಗುಮ್ಮ್ ಎನ್ನುತ್ತವೆ, ಕೆಳಗಿನ ಬೇಸ್ ಮಾಯ. ಸಬ್ ಕೆಟ್ಟದಲ್ಲ, ಅದಕ್ಕೆ ಉಸಿರಾಡಲು ಜಾಗವಿಲ್ಲ.

54 ಹರ್ಟ್ಜ್ ಕೇಳಿ ಕೆಲವರಿಗೆ ನಿರಾಸೆಯಾಗುತ್ತದೆ, ಇನ್ನೂ ಕೆಳಗೆ ಇಳಿಯಬೇಡವೇ ಎಂದು. ಉಳಿದದ್ದನ್ನು ಕಾರೇ ಕೊಡುತ್ತದೆ. ಶಬ್ದದ ಅರ್ಧ ತರಂಗದುದ್ದ ಕ್ಯಾಬಿನ್ನಿನ ಉದ್ದಕ್ಕಿಂತ ದೊಡ್ಡದಾದ ಮೇಲೆ ಒಳಗಿನ ಗಾಳಿಯೆಲ್ಲ ಒಟ್ಟಿಗೆ ಒತ್ತಿ ಬಿಡತೊಡಗುತ್ತದೆ, ಒತ್ತಡ ಏರುತ್ತದೆ. ಎರಡೂವರೆ ಮೀಟರ್ ಉದ್ದದ ಹ್ಯಾಚ್‌ಬ್ಯಾಕ್ ಕ್ಯಾಬಿನ್ನಿನಲ್ಲಿ ಇದು 65-70 ಹರ್ಟ್ಜ್‌ನಿಂದ ಕೆಳಗೆ ಶುರುವಾಗುತ್ತದೆ. ಸಿದ್ಧಾಂತದಲ್ಲಿ ಆವರ್ತನ ಅರ್ಧವಾದಾಗಲೆಲ್ಲ 12 ಡಿಬಿ ಲಾಭ. ಬಾಗಿಲು, ಗಾಜು, ತಗಡು ಎಲ್ಲ ಸ್ವಲ್ಪ ಸ್ವಲ್ಪ ಸೋರುವುದರಿಂದ ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಸೀಲ್ಡ್ ಪೆಟ್ಟಿಗೆ ತನ್ನ ಅನುರಣನದಿಂದ ಕೆಳಗೆ ಇಳಿಯುವುದೂ ಅದೇ 12 ಡಿಬಿ ಇಳಿಜಾರಿನಲ್ಲಿ. ಒಂದು ಏರುತ್ತದೆ, ಇನ್ನೊಂದು ಇಳಿಯುತ್ತದೆ, ಕಿವಿಗೆ ಬರುವುದು ಹೆಚ್ಚುಕಡಿಮೆ ಸಪಾಟು. ಮನೆಯ ಹಾಲ್‌ನಲ್ಲಿ ಬಡಕಲಾಗಿ ಕೇಳುವ ಪೆಟ್ಟಿಗೆ ಕಾರಿನಲ್ಲಿ ತುಂಬಿಕೊಂಡು ಕೇಳುವುದು ಇದಕ್ಕೇ. ನೆಲದ ಮೇಲಿಟ್ಟು ಟೆಸ್ಟ್ ಮಾಡಿ ಬೇಸರಪಟ್ಟುಕೊಳ್ಳಬೇಡಿ.

ಪೋರ್ಟ್ (ಪೆಟ್ಟಿಗೆಗೆ ಗಾಳಿ ಆಡುವ ಪೈಪಿನ ಬಾಯಿ) ಬೇಕೇ ಎಂದು ಕೇಳುವವರಿಗೂ ಅಂಕಿಯಲ್ಲೇ ಉತ್ತರ. 15 ಲೀಟರಿನ ಪೆಟ್ಟಿಗೆಯನ್ನು 35 ಹರ್ಟ್ಜ್‌ಗೆ ಟ್ಯೂನ್ ಮಾಡಲು 5 ಸೆಂಮೀ ಒಳವ್ಯಾಸದ ಪೈಪ್ ಆದರೆ 28 ಸೆಂಮೀ ಉದ್ದ ಬೇಕು. ಆದರೆ ಅಷ್ಟು ಕಿರಿದಾದ ಬಾಯಲ್ಲಿ ಗಾಳಿ ಬುಸ್ ಬುಸ್ ಎನ್ನುತ್ತದೆ. ಸದ್ದು ತಗ್ಗಿಸಲು 7.5 ಸೆಂಮೀ ಪೈಪ್ ಹಾಕಿದರೆ ಉದ್ದ 66 ಸೆಂಮೀ ಆಗುತ್ತದೆ, ಪೈಪೇ ಮೂರು ಲೀಟರಿಗೂ ಹೆಚ್ಚು ತಿನ್ನುತ್ತದೆ, ಅದನ್ನು ತುಂಬಲು ಪೆಟ್ಟಿಗೆ ಹಿಗ್ಗಿಸಬೇಕು. ಡಿಕ್ಕಿಯ ಗೂಡಿನಲ್ಲಿ ಆಗುವ ಮಾತಲ್ಲ. ಸಾಲದ್ದಕ್ಕೆ ಟ್ಯೂನಿಂಗ್‌ಗಿಂತ ಕೆಳಗೆ ಕೋನಿಗೆ ಗಾಳಿಯ ಹಿಡಿತವೇ ಇರುವುದಿಲ್ಲ. ಎಂಟಿಂಚಿಗೆ ಕಾರಿನಲ್ಲಿ ಸೀಲ್ಡ್ ಎಂಬುದು ನನ್ನ ಪಕ್ಷ. ಸ್ಪರ್ಧೆಗೆ ಹೋಗುವವರ ಮಾತು ಬೇರೆ.

ಹಾಗೆಂದು ಎಂಟಿಂಚಿನಿಂದ ಪವಾಡ ಬೇಡಬಾರದು. ಅದರ ಕೋನಿನ ವಿಸ್ತೀರ್ಣ ಸುಮಾರು 210 ಚದರ ಸೆಂಮೀ, ಹನ್ನೆರಡಿಂಚಿನದು 480-500. ಅಷ್ಟೇ ಜೋರಾಗಿ ಅರ್ಧ ಆವರ್ತನಕ್ಕೆ ಇಳಿಯಬೇಕಾದರೆ ನಾಲ್ಕು ಪಟ್ಟು ಗಾಳಿ ತಳ್ಳಬೇಕು. 40 ಹರ್ಟ್ಜ್‌ವರೆಗೆ ಅಚ್ಚುಕಟ್ಟಾದ ಬೇಸ್ ಬರುತ್ತದೆ, 25ರಲ್ಲಿ ಗಾಜು ನಡುಗುವುದಿಲ್ಲ.

ಹಲಗೆ: ಇಲ್ಲಿ ಪುಣೆಯ ಲೆಕ್ಕ ನಡೆಯುವುದಿಲ್ಲ

ಪುಣೆಯಲ್ಲಿ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್‌ಗೆ ಹೋಗಿ 18 ಮಿಮೀ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತಂದು ಪೆಟ್ಟಿಗೆ ಕಟ್ಟಿದರೆ ವರ್ಷಗಟ್ಟಲೆ ಇರುತ್ತದೆ. ಗೋವಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಿಕ್ಕಿಯ ಕಾರ್ಪೆಟ್ ಒಣಗುವುದೇ ಇಲ್ಲ. ಟೈಲ್‌ಲ್ಯಾಂಪಿನ ಗ್ಯಾಸ್ಕೆಟ್ ಒಂದು ಸೋರಿದರೂ ನೀರು ನೇರ ಪಕ್ಕದ ಗೂಡಿಗೇ ಇಳಿಯುತ್ತದೆ. ಸಾದಾ ಎಂಡಿಎಫ್‌ನ ಮುಖ ತಡೆದೀತು, ಕತ್ತರಿಸಿದ ಅಂಚು ತಡೆಯುವುದಿಲ್ಲ. ಅಂಚು ಉಬ್ಬುತ್ತದೆ, ಅಂಟಿನ ಜೋಡಣೆ ಬಿಡುತ್ತದೆ, ಪೆಟ್ಟಿಗೆ ಸೋರುತ್ತದೆ, ಸೋರಿದ ಪೆಟ್ಟಿಗೆ ಸೀಲ್ಡ್ ಅಲ್ಲವೇ ಅಲ್ಲ.

ಹಾಗಾಗಿ ಕರಾವಳಿಯಲ್ಲಿ 18 ಮಿಮೀ ಮರೈನ್ ಪ್ಲೈ ತೆಗೆದುಕೊಳ್ಳಿ, ಹಾಳೆಯ ಮೇಲೆ ಐಎಸ್ 710 ಮುದ್ರೆ ಇರಬೇಕು. ಐಎಸ್ 303 ಎಂಬುದು ಸಾಮಾನ್ಯ ಬಳಕೆಯದು, ಅಂಗಡಿಯವರು ‘ಅದೂ ವಾಟರ್‌ಪ್ರೂಫೇ’ ಎನ್ನುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಎಚ್‌ಡಿಎಚ್‌ಎಂಆರ್ ಎಂಬ ಗಟ್ಟಿ ನಾರು ಹಲಗೆಯೂ ಒಳ್ಳೆಯದೇ. ಎಂಡಿಎಫ್‌ಗಿಂತ ತೇವ ತಡೆಯುತ್ತದೆ, ರೌಟರ್‌ಗೆ ಪ್ಲೈಗಿಂತ ನುಣ್ಣಗೆ ಸಿಗುತ್ತದೆ, ಆದರೆ ಭಾರ. ಪ್ಲೈ ಕೊಳ್ಳುವಾಗ ಅಂಚನ್ನು ನೋಡಿ: ಪದರಗಳ ನಡುವೆ ಕಪ್ಪು ಖಾಲಿ ಜಾಗ ಕಂಡರೆ ಬಿಡಿ. ಆ ಪೊಳ್ಳಿನಲ್ಲಿ ಗಾಳಿ ನುಗ್ಗಿ ಹೊರಗೆ ಸಿಳ್ಳೆ ಹೊಡೆಯುತ್ತದೆ, ಅದನ್ನು ಹುಡುಕುವುದು ಮಹಾ ಕಷ್ಟ. ಪೂರ್ತಿ 8x4 ಅಡಿ ಹಾಳೆ ಬೇಕಿಲ್ಲ, ಕೆಳಗಿನ ಪೆಟ್ಟಿಗೆಗೆ ಬೇಕಾದದ್ದು ಅದರ ಏಳನೇ ಒಂದು ಭಾಗ. ಫರ್ನಿಚರ್ ಮಾಡುವ ನಮ್ಮ ಬಡಿಗೇರರ ಬಳಿ ತುಂಡು ಸಿಕ್ಕೇ ಸಿಗುತ್ತದೆ.

ಪೆಟ್ಟಿಗೆ ಹೀಗೆ. ಬೇಕಾದ ನಿವ್ವಳ ಜಾಗ 12 ಲೀಟರ್. ಸಬ್‌ನ ಮ್ಯಾಗ್ನೆಟ್, ಬುಟ್ಟಿ (ಕೋನ್ ಹಿಡಿದಿರುವ ಲೋಹದ ಚೌಕಟ್ಟು) ಸೇರಿ ಒಂದು ಲೀಟರ್ ಆಕ್ರಮಿಸುತ್ತದೆ. ಟರ್ಮಿನಲ್ ಕಪ್ (ತಂತಿ ಸಿಕ್ಕಿಸುವ ಬಟ್ಟಲು), ಮೂಲೆಗೆ ತುಂಬುವ ಅಂಟು ಎಲ್ಲ ಸೇರಿ ಇನ್ನರ್ಧ. ಒಟ್ಟು ಒಳಜಾಗ 13.5 ಲೀಟರ್, ಅಂದರೆ ಒಳ ಅಳತೆ 300 x 250 x 180 ಮಿಮೀ. 18 ಮಿಮೀ ಹಲಗೆಯಲ್ಲಿ ಹೊರ ಅಳತೆ 336 x 286 x 216. ಕತ್ತರಿಸಬೇಕಾದದ್ದು: ಮುಂದೆ ಹಿಂದೆ 336 x 286ರ ಎರಡು, ಮೇಲೆ ಕೆಳಗೆ 336 x 180ರ ಎರಡು, ಪಕ್ಕಕ್ಕೆ 250 x 180ರ ಎರಡು. ಇಷ್ಟು ಸಣ್ಣ ಮುಖಗಳಿಗೆ ಒಳಗೆ ಅಡ್ಡಪಟ್ಟಿ ಬೇಕಿಲ್ಲ.

ಬಡಿಗನಿಗೆ ಚೀಟಿ ಕೊಡುವಾಗ ‘ಒಳ ಅಳತೆ’ ಎಂದು ಕೆಂಪಕ್ಷರದಲ್ಲಿ ಬರೆದುಕೊಡಿ. ಕಪಾಟು ಮಾಡುವವರಿಗೆ ಅಳತೆ ಎಂದರೆ ಹೊರ ಅಳತೆ. 300 x 250 x 180 ಅನ್ನು ಹೊರಗಿನಿಂದ ಹಿಡಿದರೆ ಒಳಗೆ ಉಳಿಯುವುದು 264 x 214 x 144, ಅಂದರೆ 8.1 ಲೀಟರ್. ಸಬ್ ಕೂತ ಮೇಲೆ ಏಳು ಚಿಲ್ಲರೆ. ಹದಿನೆಂಟು ಮಿಲಿಮೀಟರಿನ ಹಲಗೆ ಐದು ಲೀಟರಿಗೂ ಹೆಚ್ಚು ನುಂಗಿರುತ್ತದೆ.

ತೂತಿನ ವ್ಯಾಸ ಎಂಟಿಂಚಿನ ಸಬ್‌ಗಳಲ್ಲಿ 180-185 ಮಿಮೀ ಆಸುಪಾಸು ಇರುತ್ತದೆ, ಆದರೆ ಅಂದಾಜು ಬೇಡ, ಸಬ್ ಕೈಗೆ ಬಂದ ಮೇಲೆ ಅಳೆದು ಕೊರೆಯಿರಿ. ರೌಟರ್‌ಗೆ ಸರ್ಕಲ್ ಜಿಗ್ ಹಾಕಿದರೆ ದುಂಡಗೆ ಬರುತ್ತದೆ. ಜಿಗ್‌ಸಾದಲ್ಲಿ ಕೊರೆದದ್ದು ಓರೆಯಾಗಿ, ಗ್ಯಾಸ್ಕೆಟ್ ಒಂದು ಕಡೆ ಗಾಳಿ ಬಿಡುತ್ತದೆ. ಇನ್ನೊಂದು ವಿಷಯ ಸಣ್ಣ ಸಬ್‌ಗಳಿಗೆ ಮಾತ್ರ ಬೇಕಾದದ್ದು. 18 ಮಿಮೀ ದಪ್ಪದ ತೂತಿನ ಗೋಡೆ ಬುಟ್ಟಿಯ ಕಿಟಕಿಗಳಿಗೆ ತೀರ ಹತ್ತಿರ ಬಂದು ಕೋನ್ ಹಿಂದಿನ ಗಾಳಿಯನ್ನು ಕಟ್ಟಿಹಾಕುತ್ತದೆ. ಒಳಬದಿಯ ಅಂಚನ್ನು 45 ಡಿಗ್ರಿಯಲ್ಲಿ ಹತ್ತು ಮಿಮೀ ಸವರಿಬಿಡಿ, ಬೋಲ್ಟ್ ಬರುವ ಜಾಗಗಳನ್ನು ಮಾತ್ರ ಮುಟ್ಟಬೇಡಿ. ಮ್ಯಾಗ್ನೆಟ್ ಹಿಂದೆ ತೂತಿದ್ದರೆ ಅದಕ್ಕೂ ಹಿಂಗೋಡೆಗೂ ನಡುವೆ ಕನಿಷ್ಠ 25 ಮಿಮೀ ಬಿಡಿ.

ಜೋಡಣೆಗೆ ನೀರು ತಡೆಯುವ ಮರದ ಅಂಟು, ಜೊತೆಗೆ 8 ನಂಬರಿನ 40 ಮಿಮೀ ಸ್ಕ್ರೂ. ಮೊದಲು 3 ಮಿಮೀ ಪೈಲಟ್ ತೂತು, ಮೂಲೆಯಿಂದ 50 ಮಿಮೀ ದೂರ. ಪೈಲಟ್ ಇಲ್ಲದೆ ಹಾಕಿದರೆ ಹಲಗೆಯ ಅಂಚು ಸೀಳುತ್ತದೆ. ಸ್ಕ್ರೂ ಎಂಬುದು ಕ್ಲ್ಯಾಂಪ್ ಅಷ್ಟೇ, ಹಿಡಿಯುವುದು ಅಂಟು. ಹಾಗಾಗಿ ಸ್ಕ್ರೂ ಬಿಗಿದ ಮೇಲೆ ಜೋಡಣೆಯುದ್ದಕ್ಕೂ ಅಂಟು ಸಣ್ಣ ಮಣಿಗಳಾಗಿ ಹೊರಬರಬೇಕು. ಎಲ್ಲಿ ಬರಲಿಲ್ಲವೋ ಅಲ್ಲಿ ಒಳಗೆ ಪೊಳ್ಳು ಇದೆ ಎಂದರ್ಥ. ಒಳಮೂಲೆಗಳಿಗೆಲ್ಲ ಅಂಟಿಗೆ ಮರದ ಹೊಟ್ಟು ಕಲಸಿ ಬೆರಳಿನಿಂದ ಮೆತ್ತಿ. ಬೇಸಿಗೆಯಲ್ಲಿ ಒಂದು ದಿನ, ಮಳೆಗಾಲದಲ್ಲಿ ಎರಡು ದಿನ ಒಣಗಲಿ. ಒಳಗೂ ಹೊರಗೂ ಎರಡು ಕೋಟ್ ಸೀಲರ್ ಹೊಡೆಯಿರಿ, ಅಂಚುಗಳಿಗೆ ಮೂರು.

ಸಬ್ ಬಿಗಿಯಲು ಮರದ ಸ್ಕ್ರೂ ಬೇಡ. ಎರಡು ಸಲ ಬಿಚ್ಚಿ ಹಾಕಿದರೆ ತೂತು ಸಡಿಲ. ಎಂ5 ಟೀ-ನಟ್‌ಗಳನ್ನು (ಹಲಗೆಗೆ ಕಚ್ಚಿ ಕೂರುವ ನಟ್) ಹಿಂಬದಿಯಿಂದ ಅಂಟು ಸವರಿ ಬೋಲ್ಟ್‌ನಿಂದಲೇ ಎಳೆದು ಕೂರಿಸಿ, ಮುಂದಿನಿಂದ ಸ್ಟೇನ್‌ಲೆಸ್ ಬೋಲ್ಟ್. ಬೋಲ್ಟನ್ನು ಮೊದಲು ಬೆರಳಿನಿಂದ ಮೂರು ಸುತ್ತು ಹಾಕಿ, ಆಮೇಲೆ ಪಾನಾ. ಥ್ರೆಡ್ ತಪ್ಪಿ ಹತ್ತಿದರೆ ಟೀ-ನಟ್ ಒಳಗೇ ಗಿರಗಿರ ತಿರುಗುತ್ತದೆ, ಪೆಟ್ಟಿಗೆ ಮುಚ್ಚಿದ ಮೇಲೆ ಅದನ್ನು ಹಿಡಿಯುವವರಾರು? ಎದುರುಬದುರು ಬೋಲ್ಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದೇ ಕಡೆ ಜಗ್ಗಿದರೆ ತಗಡಿನ ಬುಟ್ಟಿ ಸೊಟ್ಟಗಾಗಿ ಕಾಯಿಲ್ ಉಜ್ಜತೊಡಗುತ್ತದೆ.

ಪಕ್ಕದ ಗೂಡಿಗೆ ಫೈಬರ್

ಚೌಕ ಪೆಟ್ಟಿಗೆ ಗೂಡಿನಲ್ಲಿ ಕೂರುವುದಿಲ್ಲ, ಕೂತರೂ ಅರ್ಧ ಜಾಗ ವ್ಯರ್ಥ. ಅಲ್ಲಿಗೆ ಫೈಬರ್‌ಗ್ಲಾಸ್. ಗೋವಾದಲ್ಲಿ ಇದೊಂದು ಅನುಕೂಲ: ದೋಣಿ ರಿಪೇರಿಯವರಿಗೆ ಮಾರುವ ಅಂಗಡಿಯಲ್ಲಿ ಮ್ಯಾಟ್ (ಗಾಜಿನ ನೂಲಿನ ಹಾಸು), ರೆಸಿನ್ (ಗಟ್ಟಿಯಾಗುವ ಅಂಟು ದ್ರವ) ಎಲ್ಲ ಬಿಡಿಯಾಗಿ ಸಿಗುತ್ತದೆ. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದಲ್ಲಿ ದೋಣಿಗಳೆಲ್ಲ ದಡದಲ್ಲಿರುವಾಗ ಸರಕು ಇನ್ನೂ ಸುಲಭ. ಆದರೆ ಕೆಲಸ ಮಾಡಲು ಅದೇ ಅತಿ ಕೆಟ್ಟ ಕಾಲ. ತೇವ ಹಿಡಿದ ಮ್ಯಾಟ್ ರೆಸಿನ್ ಕುಡಿಯದೆ ಬಿಳಿ ಬಿಳಿ ಮಚ್ಚೆಯಾಗಿ ಉಳಿಯುತ್ತದೆ, ಆ ಮಚ್ಚೆಯಲ್ಲಿ ಬಲವಿಲ್ಲ. ಆಗ ಕೊಂಡು ಪ್ಲಾಸ್ಟಿಕ್‌ನಲ್ಲಿ ಬಿಗಿದು ಇಡಿ, ಅಕ್ಟೋಬರ್ ನಂತರ ಹಾಕಿ.

ಬೇಕಾದದ್ದು: 450 ಜಿಎಸ್‌ಎಂ ಚಾಪ್ಡ್ ಸ್ಟ್ರ್ಯಾಂಡ್ ಮ್ಯಾಟ್ ಒಂದು ಕೆಜಿ, ಪಾಲಿಯೆಸ್ಟರ್ ರೆಸಿನ್ ಮೂರು ಕೆಜಿ, ಅದರ ಆಕ್ಸಿಲರೇಟರ್, ಹಾರ್ಡನರ್, ಒಂದು ಲೀಟರ್ ಅಸಿಟೋನ್, ಬ್ರಷ್ ನಾಲ್ಕಾರು, ಒಂದು ಸಣ್ಣ ಲೋಹದ ರೋಲರ್, ಅಗಲ ಮಾಸ್ಕಿಂಗ್ ಟೇಪ್, ಅಡುಗೆಯ ಅಲ್ಯುಮಿನಿಯಂ ಫಾಯಿಲ್, ಮೇಣ. ಹನ್ನೆರಡು ಲೀಟರಿನ ಪೆಟ್ಟಿಗೆಯ ಮೈ ಸುಮಾರು 0.35 ಚದರ ಮೀಟರ್. ಒಂದು ಪದರ ಮ್ಯಾಟ್ ಒಂದು ಮಿಮೀ ದಪ್ಪ ಕೊಡುತ್ತದೆ, ಆರು ಮಿಮೀ ಬೇಕು, ಆರು ಪದರ. ಮ್ಯಾಟ್‌ನ ತೂಕಕ್ಕೆ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಹೋಗುತ್ತದೆ, ಉಳಿದದ್ದು ಡಬ್ಬಿಗೆ, ಬ್ರಷ್‌ಗೆ, ನೆಲಕ್ಕೆ.

ಒಂದು ಮಾತು ಎಲ್ಲಕ್ಕಿಂತ ಮುಂಚೆ. ಆಕ್ಸಿಲರೇಟರ್ ಎಂದರೆ ನೇರಳೆ ಬಣ್ಣದ ಕೋಬಾಲ್ಟ್, ಹಾರ್ಡನರ್ ಎಂದರೆ ನೀರಿನಂತಿರುವ ಎಂಇಕೆಪಿ. ಇವೆರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಲೇಬೇಡಿ, ಬೆಂಕಿ ಹತ್ತುತ್ತದೆ, ಸ್ಫೋಟವೂ ಆಗಬಹುದು. ಮೊದಲು ರೆಸಿನ್‌ಗೆ ಕೋಬಾಲ್ಟ್ ಹಾಕಿ ಪೂರ್ತಿ ಕಲಸಿ, ಆಮೇಲೆ ಬೇರೆ ಅಳತೆಯ ಮುಚ್ಚಳದಲ್ಲಿ ಎಂಇಕೆಪಿ. ಎರಡಕ್ಕೂ ಒಂದೇ ಚಮಚ ಬಳಸುವ ಚಾಳಿ ಬಿಡಿ. ಕಣ್ಣಿಗೆ ಕನ್ನಡಕ ಇರಲೇಬೇಕು. ಎಂಇಕೆಪಿಯ ಒಂದು ಹನಿ ಕಣ್ಣನ್ನೇ ತೆಗೆದೀತು. ರೆಸಿನ್‌ನಿಂದ ಏಳುವ ಸ್ಟೈರೀನ್ ಆವಿಗೆ ಬಟ್ಟೆ ಮಾಸ್ಕ್ ಲೆಕ್ಕಕ್ಕಿಲ್ಲ, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಕಾರಿನ ಐದೂ ಬಾಗಿಲು ತೆರೆದಿರಲಿ.

ಡಿಕ್ಕಿಯ ಪ್ಲಾಸ್ಟಿಕ್ ಟ್ರಿಮ್ ಬಿಚ್ಚಿ, ಗೂಡಿನ ತಗಡಿಗೆ ಎರಡು ಪದರ ಮಾಸ್ಕಿಂಗ್ ಟೇಪ್ ಒಂದರ ಮೇಲೊಂದು ಅಡ್ಡಡ್ಡ, ಅದರ ಮೇಲೆ ಫಾಯಿಲ್, ಅದರ ಮೇಲೆ ಮೇಣ. ಸುತ್ತಲಿನ ಸೀಟಿಗೆ, ನೆಲಕ್ಕೆ ಪ್ಲಾಸ್ಟಿಕ್ ಹಾಳೆ. ಗೂಡು ಬಾಯಿಗಿಂತ ಒಳಗೆ ಅಗಲವಾಗಿದ್ದರೆ ಆ ಭಾಗವನ್ನು ಮೊದಲೇ ತುಂಬಿಬಿಡಬೇಕು. ಇಲ್ಲದಿದ್ದರೆ ಗಟ್ಟಿಯಾದ ಮೇಲೆ ಅಚ್ಚು ಹೊರಗೇ ಬರುವುದಿಲ್ಲ. ತುಂಬಲು ಬರಿ ಥರ್ಮಾಕೋಲ್ ಬಳಸಬೇಡಿ, ರೆಸಿನ್ ತಾಗಿದ ಕೂಡಲೇ ಕರಗಿ ಲೋಳೆಯಾಗುತ್ತದೆ. ಬಳಸಲೇಬೇಕಿದ್ದರೆ ಸಂದಿಲ್ಲದಂತೆ ಫಾಯಿಲ್ ಸುತ್ತಿ.

ಮ್ಯಾಟನ್ನು ಕತ್ತರಿಯಿಂದ ಕತ್ತರಿಸದೆ ಕೈಯಲ್ಲೇ ಅಂಗೈ ಅಗಲಕ್ಕೆ ಹರಿಯಿರಿ, ಹರಿದ ಅಂಚು ಒಂದರ ಮೇಲೊಂದು ಬೆಸೆದುಕೊಳ್ಳುತ್ತದೆ. ಒಂದು ಸಲಕ್ಕೆ 250-300 ಗ್ರಾಂ ರೆಸಿನ್ ಮಾತ್ರ ಕಲಸಿ. ಹಾರ್ಡನರ್ ತೂಕದ ಶೇಕಡ 1ರಿಂದ 2, ಅಂದರೆ ಅಷ್ಟಕ್ಕೆ ಮೂರರಿಂದ ಆರು ಗ್ರಾಂ. ಏಪ್ರಿಲ್ ಬಿಸಿಲಿಗೆ ಕಡಿಮೆ ತುದಿಯಲ್ಲೇ ಇರಿ. ಹೆಚ್ಚಾದರೆ ಡಬ್ಬಿಯಲ್ಲೇ ಬಿಸಿಯಾಗಿ, ಹೊಗೆಯಾಡಿ, ಕಲ್ಲಾಗುತ್ತದೆ. ಹಳದಿಯ ದ್ರವ ಬೆಲ್ಲದ ಪಾಕದ ಎಳೆಯಂತೆ ಬ್ರಷ್‌ಗೆ ಅಂಟತೊಡಗಿತೋ, ಅಲ್ಲಿಗೆ ಆ ಡಬ್ಬಿಯ ಕೆಲಸ ಮುಗಿಯಿತು, ಎಳೆದಾಡಬೇಡಿ. ಬ್ರಷ್‌ನಿಂದ ಬಳಿಯದೆ ಕುಟ್ಟಿ ಕುಟ್ಟಿ ಕುಡಿಸಿ. ಬಿಳಿಯ ಮ್ಯಾಟ್ ಪಾರದರ್ಶಕವಾದರೆ ರೆಸಿನ್ ಕುಡಿದಿದೆ ಎಂದರ್ಥ. ನಂತರ ರೋಲರ್‌ನಿಂದ ಗಾಳಿಗುಳ್ಳೆ ಒತ್ತಿ ತೆಗೆಯಿರಿ.

ಕಾರಿನೊಳಗೆ ಎರಡೇ ಪದರ. ಮರುದಿನ ಅಚ್ಚನ್ನು ಹೊರತೆಗೆದು, ಉಳಿದ ನಾಲ್ಕು ಪದರಗಳನ್ನು ಅಂಗಳದಲ್ಲಿ ಹಾಕಿ. ಮುಂಚೆ 80 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ ಅಸಿಟೋನ್‌ನಿಂದ ಒರೆಸಿ. ಮೇಲ್ಮೈ ಅಂಟಂಟಾಗಿಯೇ ಉಳಿದಿದ್ದರೆ ಗಾಬರಿ ಬೇಡ, ಗಾಳಿ ತಾಗುವ ಪದರ ಪಾಲಿಯೆಸ್ಟರ್‌ನಲ್ಲಿ ಹಾಗೆಯೇ ಇರುತ್ತದೆ. ಕೆಳಗೆ ಉಗುರು ಇಳಿಯದಿದ್ದರೆ ಸರಿ.

ಆಮೇಲೆ ಸಬ್ ಕೂರುವ 18 ಮಿಮೀ ಬಳೆ. ಅದನ್ನು ಮೂರ್ನಾಲ್ಕು ಕಡ್ಡಿಗಳ ಮೇಲೆ ಹಾಟ್ ಗ್ಲೂನಿಂದ ನಿಲ್ಲಿಸಿ, ಅಚ್ಚನ್ನು ಕಾರಿನಲ್ಲಿಟ್ಟು, ಟ್ರಿಮ್ ಹಾಕಿ, ಡಿಕ್ಕಿ ಮುಚ್ಚಿ ನೋಡಿ. ಬಾಗಿಲು ತಾಗುವುದು ಈಗಲೇ ಗೊತ್ತಾಗಲಿ. ಬಳೆಯ ಮೇಲಿಂದ ಅಚ್ಚಿನ ಅಂಚಿಗೆ ಹಿಗ್ಗುವ ಫ್ಲೀಸ್ ಬಟ್ಟೆ ಎಳೆದು ಸ್ಟೇಪಲ್ ಹೊಡೆದು ರೆಸಿನ್ ಕುಡಿಸಿ. ಗಟ್ಟಿಯಾದಾಗ ಚಂದ ಕಾಣುತ್ತದೆ, ಅಲ್ಲೇ ಬಹಳ ಜನ ಕೆಲಸ ಮುಗಿಸಿಬಿಡುತ್ತಾರೆ. ಆ ಬಟ್ಟೆಯ ಚಿಪ್ಪು ಇನ್ನೂ ಒಂದೆರಡು ಮಿಮೀ ಮಾತ್ರ, ಬೇಸ್ ಬಂದರೆ ಅದೇ ತಮಟೆಯಾಗುತ್ತದೆ. ಬಳೆಯ ತೂತಿನಿಂದ ಕೈ ಹಾಕಿ ಒಳಗಿನಿಂದ ನಾಲ್ಕು ಪದರ ಮ್ಯಾಟ್ ಹಾಕಲೇಬೇಕು. ಬಳೆ ಮತ್ತು ಬಟ್ಟೆ ಸೇರುವ ಸಂದಿಗೆ ಐದು. ಕೈ ತುರಿಸುತ್ತದೆ, ಉದ್ದ ತೋಳಿನ ಅಂಗಿ, ಮೊಣಕೈವರೆಗೆ ಗ್ಲೌಸ್.

ವಕ್ರ ಪೆಟ್ಟಿಗೆಯ ಲೀಟರ್ ಅಳೆಯುವುದು ಹೇಗೆ? ಮಂಡಕ್ಕಿ. ಹಗುರ, ಅಗ್ಗ, ಮೂಲೆಮೂಲೆಗೂ ಹರಿಯುತ್ತದೆ. ತೂತಿನವರೆಗೆ ತುಂಬಿ, ಒತ್ತಬೇಡಿ, ಒಂದು ಲೀಟರ್ ಮಗ್‌ನಲ್ಲಿ ಎಣಿಸುತ್ತಾ ಹೊರತೆಗೆಯಿರಿ. ಅದರಿಂದ ಸಬ್‌ನ ಒಂದು ಲೀಟರ್ ಕಳೆಯಿರಿ. ಬಟ್ಟೆ ಎಳೆಯುವ ಮುಂಚೆ ಒಂದು ಸಲ ಅಂದಾಜು ಮಾಡಿ, ಬಳೆಯನ್ನು ಹಿಂದೆ ಮುಂದೆ ಸರಿಸಲು ಆಗ ಮಾತ್ರ ಅವಕಾಶ. ಅಳೆದ ಮಂಡಕ್ಕಿಯನ್ನು ಗಿರಮಿಟ್‌ಗೆ ಬಳಸಬೇಡಿ, ಗಾಜಿನ ನೂಲು ಸೇರಿರುತ್ತದೆ.

ಒಂದೂವರೆ ಲೀಟರ್ ಕಡಿಮೆ ಬಂದರೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ ಕಾಪಾಡುತ್ತದೆ. ಹತ್ತು ಲೀಟರಿಗೆ ನೂರು ಗ್ರಾಂ, ಬಿಡಿಸಿ ಸಡಿಲವಾಗಿ ಹಾಕಿದರೆ ಪೆಟ್ಟಿಗೆ ಶೇಕಡ ಹತ್ತು ಹದಿನೈದರಷ್ಟು ದೊಡ್ಡದಾದಂತೆ ವರ್ತಿಸುತ್ತದೆ. ಗಿಡಿದು ತುಂಬಿದರೆ ಲಾಭ ಹೋಗಿ ನಷ್ಟ. ಮ್ಯಾಗ್ನೆಟ್‌ನ ತೂತಿಗೆ ಎಳೆ ಹೋಗದಂತೆ ಒಂದು ತುಂಡು ಸೊಳ್ಳೆಪರದೆ ಕಟ್ಟಿ.

ಸೋರಿಕೆ, ತಂತಿ, ಸೆಟ್ಟಿಂಗ್

ಸಬ್ ಬಿಗಿದ ಮೇಲೆ ಕೋನನ್ನು ಎರಡೂ ಕೈಯ ಬೆರಳುಗಳಿಂದ ಸಮನಾಗಿ ಒಳಗೊತ್ತಿ, ಕೆಲ ಕ್ಷಣ ಹಿಡಿದು ಬಿಡಿ. ನಿಧಾನಕ್ಕೆ ಹಿಂತಿರುಗಿದರೆ ಪೆಟ್ಟಿಗೆ ಬಿಗಿಯಾಗಿದೆ. ಥಟ್ಟನೆ ಹಾರಿ ಬಂದರೆ ಎಲ್ಲೋ ಸೋರುತ್ತಿದೆ. ಹುಡುಕಲು 30 ಹರ್ಟ್ಜ್ ಟೋನ್ ಸಣ್ಣಗೆ ಹಾಕಿ, ಫ್ಯಾನ್ ಆರಿಸಿ, ಊದುಬತ್ತಿಯನ್ನು ಸಂದಿಗಳ ಪಕ್ಕ ನಿಧಾನ ಸರಿಸಿ. ಸೋರುವಲ್ಲಿ ಹೊಗೆಯ ಗೆರೆ ತುಂಡು ತುಂಡಾಗಿ ನಡುಗುತ್ತದೆ. ಹತ್ತರಲ್ಲಿ ಆರು ಸಲ ಅಪರಾಧಿ ಅಗ್ಗದ ಟರ್ಮಿನಲ್ ಕಪ್. ಅದರ ಬದಲು ಎರಡು ಸಣ್ಣ ತೂತು ಕೊರೆದು ತಂತಿಯನ್ನೇ ಹೊರತಂದು ಸೀಲ್ ಮಾಡುವುದು ವಾಸಿ. ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಅದರ ಆಮ್ಲ ತಾಮ್ರವನ್ನು ಹಸಿರು ಮಾಡುತ್ತದೆ. ನ್ಯೂಟ್ರಲ್ ಸಿಲಿಕೋನ್ ಕೇಳಿ, ಒಂದು ದಿನ ಒಣಗಿಸಿ, ನಂತರ ಸಬ್ ಕೂರಿಸಿ.

ಡಬಲ್ ಕಾಯಿಲ್ ಸಬ್‌ಗಳಲ್ಲಿ ಓಮ್ ಲೆಕ್ಕ ತಪ್ಪಿದರೆ ಆಂಪ್ಲಿಫೈಯರ್ (ಆಂಪ್) ಸುಟ್ಟುಹೋಗುತ್ತದೆ. ಎರಡು 2 ಓಮ್ ಕಾಯಿಲ್: ಸೀರೀಸ್‌ನಲ್ಲಿ 4, ಪ್ಯಾರಲಲ್‌ನಲ್ಲಿ 1. ಎರಡು 4 ಓಮ್: ಸೀರೀಸ್‌ನಲ್ಲಿ 8, ಪ್ಯಾರಲಲ್‌ನಲ್ಲಿ 2. ನಿಮ್ಮ ಆಂಪ್ 2 ಓಮ್‌ವರೆಗೆ ಮಾತ್ರ ಎಂದಿದ್ದರೆ ಯಾವ ಸಬ್ ಕೊಳ್ಳಬೇಕೆಂಬುದು ಅಲ್ಲೇ ನಿರ್ಧಾರವಾಯಿತು.

300 ವ್ಯಾಟ್ ಆರ್‌ಎಂಎಸ್‌ನ ಮೋನೋ ಆಂಪ್ ಪೂರ್ತಿ ದುಡಿದಾಗ ಸುಮಾರು 28 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ಡಿಕ್ಕಿಗೆ ಐದು ಮೀಟರ್ 10 ಚದರ ಮಿಮೀ ಶುದ್ಧ ತಾಮ್ರದ ತಂತಿಯಲ್ಲಿ ನಷ್ಟ ಕಾಲು ವೋಲ್ಟ್. ಅದೇ ದಪ್ಪದ ಸಿಸಿಎ, ಅಂದರೆ ತಾಮ್ರದ ಲೇಪವಿರುವ ಅಲ್ಯುಮಿನಿಯಂ ಆದರೆ 0.4ರ ಹತ್ತಿರ ಹೋಗುತ್ತದೆ. ಕಡಲಗಾಳಿಗೆ ಅದರ ತುದಿ ಪುಡಿಯಾಗುವುದು ಬೇರೆ. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಬ್ಯಾಟರಿಯಿಂದ 45 ಸೆಂಮೀ ಒಳಗೆ 40 ಆಂಪಿಯರ್ ಫ್ಯೂಸ್. ಅರ್ಥ್ ತಂತಿಯೂ 45 ಸೆಂಮೀಗಿಂತ ಗಿಡ್ಡ ಇರಲಿ. ತಗಡಿನ ಬಣ್ಣ ಕೆರೆದು, ತವರ ಲೇಪದ ಲಗ್ ಬಿಗಿದು, ಮೇಲೆ ಗ್ರೀಸ್ ಮೆತ್ತಿ. ಮೆತ್ತದಿದ್ದರೆ ಒಂದೇ ಮಳೆಗಾಲದಲ್ಲಿ ಅಲ್ಲಿಂದಲೇ ತುಕ್ಕು.

ಪೆಟ್ಟಿಗೆ, ಸಬ್ ಸೇರಿ ಹತ್ತು ಕೆಜಿ ಹತ್ತಿರ ಬರುತ್ತದೆ. ಬ್ರೇಕ್ ಹೊಡೆದಾಗ ಅದು ಸೀಟಿನ ಬೆನ್ನಿಗೆ ಬರಬಾರದು. ಲಗೇಜ್ ಕೊಂಡಿಯ ಬೋಲ್ಟ್‌ಗಳಿಗೆ ಎಲ್-ಬ್ರಾಕೆಟ್ ಕೊಟ್ಟು ಹಿಡಿಸಿ. ಸೀಟ್‌ಬೆಲ್ಟ್ ಬೋಲ್ಟ್ ಮುಟ್ಟಬೇಡಿ. ಹೊಸ ಸ್ಕ್ರೂವನ್ನು ನೆಲಕ್ಕೆ ಇಳಿಸುವ ಮುಂಚೆ ಕಾರಿನಡಿ ಮಲಗಿ ನೋಡಿ. ಹ್ಯಾಚ್‌ಬ್ಯಾಕ್‌ಗಳಲ್ಲಿ ಪೆಟ್ರೋಲ್ ಟ್ಯಾಂಕ್ ಹಿಂದಿನ ಸೀಟಿನ ಕೆಳಗೇ ಇರುತ್ತದೆ. ಸಿಎನ್‌ಜಿ ಗಾಡಿಯಾದರೆ ಸಿಲಿಂಡರ್ ಸ್ಟ್ಯಾಂಡಿಗೆ, ಪೈಪಿಗೆ ಏನನ್ನೂ ಕಟ್ಟಬಾರದು.

ಆಂಪ್ ಮೇಲಿನ ಗೇನ್ ತಿರುಪು ಎಂಬುದು ವಾಲ್ಯೂಮ್ ಅಲ್ಲ. ಸಬ್ ತಂತಿ ಬಿಚ್ಚಿ, ಬೇಸ್ ಬೂಸ್ಟ್ ಸೊನ್ನೆಗಿಟ್ಟು, ಹೆಡ್ ಯೂನಿಟ್ (ಡ್ಯಾಶ್‌ಬೋರ್ಡಿನ ಸ್ಟೀರಿಯೊ) ವಾಲ್ಯೂಮ್ ಮುಕ್ಕಾಲಿಗಿಟ್ಟು, 50 ಹರ್ಟ್ಜ್ ಟೋನ್ ಹಾಕಿ ಆಂಪ್‌ನ ಹೊರತುದಿಗೆ ಎಸಿ ಮಲ್ಟಿಮೀಟರ್ ಹಿಡಿಯಿರಿ. ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಬೇಕಾದ ವೋಲ್ಟ್ ಸಿಗುತ್ತದೆ, ಮೀಟರ್ ಅಷ್ಟು ತೋರಿಸುವವರೆಗೆ ಗೇನ್ ತಿರುಗಿಸಿ: 300 ವ್ಯಾಟ್, 4 ಓಮ್ ಆದರೆ 34.6; 2 ಓಮ್ ಆದರೆ 24.5. ಸಬ್ 200 ವ್ಯಾಟಿನದಾದರೆ 200ಕ್ಕೇ ಲೆಕ್ಕ ಹಾಕಿ. ಸಬ್‌ಗೆ ಲೋ-ಪಾಸ್ (ಅದಕ್ಕಿಂತ ಕೆಳಗಿನದನ್ನಷ್ಟೇ ಬಿಡುವ ಫಿಲ್ಟರ್) 80 ಹರ್ಟ್ಜ್, ಬಾಗಿಲಿನ ಸ್ಪೀಕರ್‌ಗಳಿಗೆ ಹೈ-ಪಾಸ್ (ಮೇಲಿನದನ್ನಷ್ಟೇ ಬಿಡುವುದು) ಅದೇ 80. ಕೋನಿನ ಒಳ-ಹೊರ ಚಲನೆಯನ್ನು ತಿರುವುಮುರುವು ಮಾಡುವ ಫೇಸ್ ಸ್ವಿಚ್ಚನ್ನು (ಸೊನ್ನೆ ಅಥವಾ 180) ಡ್ರೈವರ್ ಸೀಟಿನಲ್ಲಿ ಕೂತು, ಇನ್ನೊಬ್ಬರಿಂದ ಬದಲಾಯಿಸಿ ಕೇಳಿ. 80ರ ಸುತ್ತ ಯಾವುದರಲ್ಲಿ ತುಂಬಿ ಬರುತ್ತದೋ ಅದೇ ಸರಿ, ಸೊನ್ನೆ ಇರಲೇಬೇಕೆಂದಿಲ್ಲ.

ನಂಬರ್ ಪ್ಲೇಟ್, ಪಾರ್ಸೆಲ್ ಟ್ರೇ, ಮೇಲಿನ ಬ್ರೇಕ್‌ಲೈಟ್ ಗಿರಗುಟ್ಟುವುದು ಬೇರೆ ಕಾಮಗಾರಿ. ಅನಮೋಡ ಘಾಟಿನ ತಿರುವುಗಳಲ್ಲಿ ಒಂದು ಸಲ ಓಡಿಸಿದರೆ ಯಾವುದು ಎಲ್ಲಿ ಎಂದು ಪಟ್ಟಿ ಸಿಗುತ್ತದೆ. ನಂಬರ್ ಪ್ಲೇಟಿಗೆ ಹಿಂದೆ ಫೋಮ್ ಟೇಪ್, ಹಿಂಬಾಗಿಲ ತಗಡಿಗೆ 2 ಮಿಮೀ ಬ್ಯುಟೈಲ್ ಹಾಳೆ. ಛಾವಣಿ ಸೋರದಿರಲೆಂದು ಹಾಕುವ ಡಾಂಬರು ಹಾಳೆಯನ್ನು ಅಗ್ಗವೆಂದು ತರಬೇಡಿ, ಮೇ ತಿಂಗಳಲ್ಲಿ ಕಾರೆಲ್ಲ ಟಾರ್ ವಾಸನೆ. ಮಳೆಗಾಲ ಮುಗಿದ ಮೇಲೆ ಸಬ್‌ನ ಬೋಲ್ಟ್‌ಗಳನ್ನು ಒಂದು ಸಲ ಬಿಗಿಯಿರಿ, ಫ್ಯೂಸ್ ಹೋಲ್ಡರ್ ತೆರೆದು ಹಸಿರು ಹಿಡಿದಿದೆಯೇ ನೋಡಿ, ಪೆಟ್ಟಿಗೆಯಡಿಯ ರಬ್ಬರ್ ಮ್ಯಾಟ್ ಎತ್ತಿ ಒಣಗಿಸಿ.